ಊರಲ್ಲೇ ಕಣ್ಣು ತಪಾಸಣೆ ನಡೆಸುವುದು ಹೇಗೆ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಕಣ್ಣು ಮಂಜಾದವರು ‘ವಯಸ್ಸಾಯ್ತಲ್ಲ, ಇನ್ನೇನು’ ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಅವರಲ್ಲಿ ಬಹುಪಾಲು ಜನರಿಗಿರುವುದು ಪೊರೆ, ಇಲ್ಲವೇ ಕನ್ನಡಕದಿಂದ ಸರಿಹೋಗುವ ದೋಷ. ಭಾಷಣ ಇಡಿಸುವುದಕ್ಕಿಂತ ತಪಾಸಣೆ ಮಾಡಿಸಿ. ತನ್ನ ಒಂದು ಕಣ್ಣು ಕಾಣುತ್ತಿಲ್ಲವೆಂದು ಅಲ್ಲೇ ತಿಳಿದವರಿಗೆ ಬೇರೆ ಉಪದೇಶ ಬೇಕಿಲ್ಲ.

ನಾಟಿ, ಕೊಯ್ಲು, ಕಬ್ಬು ಕಡಿಯುವ ದಿನಗಳನ್ನು ಬಿಡಿ. ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ನಡೆಸಿದರೆ ಜನರನ್ನು ಕರೆಯುವ ಕಷ್ಟವಿಲ್ಲ. ಆದರೆ ನಿಜವಾಗಿ ಕಣ್ಣು ಕಾಣದವರು ಡೈರಿಗೆ ಬರುವುದಿಲ್ಲ, ಜಗಲಿ ಬಿಟ್ಟು ಇಳಿಯುವುದೇ ಕಡಿಮೆ. ಆಶಾ ಕಾರ್ಯಕರ್ತೆಯರನ್ನು ಕೇಳಿ 40 ದಾಟಿದವರ ಪಟ್ಟಿ ಮಾಡಿಕೊಂಡು ಅಂಥವರ ಮನೆಗೆ ನೀವೇ ಹೋಗಿ.

ಓದು ಬಾರದವರಿಗೆ ‘ಇ’ ಚಾರ್ಟ್ ಬೇಕು. ಇಂಗ್ಲಿಷಿನ ಆ ಅಕ್ಷರದ ಮೂರು ಕಡ್ಡಿ ಯಾವ ಕಡೆಗಿದೆಯೋ ಆ ಕಡೆಗೆ ಬೆರಳು ತೋರಿಸಿದರೆ ಸಾಕು. ಟೇಪು ಹಿಡಿದು 6 ಮೀಟರ್, ಅಂದರೆ 20 ಅಡಿ ಅಳೆದು ಗೆರೆ ಎಳೆಯಿರಿ. ಹೆಜ್ಜೆ ಹಾಕಿ ಅಳೆದರೆ ಲೆಕ್ಕ ತಪ್ಪುತ್ತದೆ. ಚಾರ್ಟ್ ಕಣ್ಣಿನ ಎತ್ತರಕ್ಕಿರಲಿ, ಅದರ ಮೇಲೆ ಚೆನ್ನಾಗಿ ಬೆಳಕು ಬೀಳಲಿ, ಬಿಸಿಲು ಮಾತ್ರ ಹೊಳೆಯಬಾರದು. ದೂರದ ಕನ್ನಡಕ ಇದ್ದವರು ಹಾಕಿಕೊಂಡೇ ನೋಡಲಿ. ಒಂದೊಂದೇ ಕಣ್ಣು ಪರೀಕ್ಷಿಸಿ; ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಇನ್ನೊಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಯಬೇಕು. ಬೆರಳಿಟ್ಟರೆ ಸಂದಿಯಲ್ಲಿ ನೋಡುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣಿನ ಸರದಿ ಬಂದಾಗ ಮಂಜಾಗಿರುತ್ತದೆ. ಸಾಲಿನಲ್ಲಿ ಕಾಯುವವರು ಚಾರ್ಟನ್ನು ಬಾಯಿಪಾಠ ಮಾಡಿಬಿಡುತ್ತಾರೆ, ಅವರನ್ನು ಬೆನ್ನು ತಿರುಗಿಸಿ ಕೂರಿಸಿ.

ಚಾರ್ಟಿನಲ್ಲಿ 6/18 ಎಂದು ಗುರುತಿರುವ ಸಾಲಿನಲ್ಲಿ (ಒಳ್ಳೆಯ ಕಣ್ಣಿಗೆ 18 ಮೀಟರಿನಿಂದಲೇ ಕಾಣುವ ಸಾಲು) ಐದು ಸಲ ಕೇಳಿ ಕನಿಷ್ಠ ನಾಲ್ಕು ಉತ್ತರ ಸರಿಯಾಗದಿದ್ದರೆ ಹೆಸರು ಬರೆದುಕೊಳ್ಳಿ. ಆಮೇಲೆ ಕಪ್ಪು ರಟ್ಟಿನಲ್ಲಿ ಸುಮಾರು 1 ಮಿಲಿಮೀಟರ್ ತೂತು ಮಾಡಿ ಅದರೊಳಗಿಂದ ನೋಡಿಸಿ. ಈಗ ಸ್ಪಷ್ಟವಾಯಿತು ಅಂದರೆ ಬಹುತೇಕ ಕನ್ನಡಕದ ವಿಷಯ. ಆಗದಿದ್ದರೆ ಪೊರೆಯೋ ನರದ ತೊಂದರೆಯೋ ಇರಬಹುದು, ಕಣ್ಣಿನ ವೈದ್ಯರೇ ನೋಡಬೇಕು. ದೂರದ್ದು ಕಂಡು ಸೂಜಿಗೆ ದಾರ ಪೋಣಿಸಲು ಮಾತ್ರ ಆಗದವರಿಗೆ ಹೆಚ್ಚಾಗಿ ಚಾಳೀಸು.

ಚಾರ್ಟ್ ಪೂರ್ತಿ ಓದಿದರೂ ಆಸ್ಪತ್ರೆಗೆ ಹೋಗಲೇಬೇಕಾದವರಿದ್ದಾರೆ. ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯ ಪರದೆ, ನೋವಿಲ್ಲದೆ, ಮಂಜಿಲ್ಲದೆ ಹಾಳಾಗುತ್ತಿರಬಹುದು. ವರ್ಷಕ್ಕೊಮ್ಮೆ ಔಷಧಿ ಹನಿ ಹಾಕಿಸಿಕೊಂಡು ನೋಡಿಸಬೇಕು. ಆ ಹನಿಯಿಂದ ಕೆಲವು ಗಂಟೆ ಕಣ್ಣು ಮಂಜಾಗಿರುವುದರಿಂದ ಬೈಕಿನಲ್ಲಿ ತಾವೇ ಹೋಗಬಾರದು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರೂ ಹೋಗಬೇಕು. ಅದು ಅಂಚಿನ ನೋಟವನ್ನು ತಿನ್ನುತ್ತಾ ಬರುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಕಬ್ಬಿನ ಗರಿ ಅಥವಾ ಭತ್ತದ ಹೊಟ್ಟು ಕಣ್ಣಿಗೆ ತಗುಲಿ ಕೆಂಪಾಗಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಬೇಡ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಹನಿಯಂತೂ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಹಬ್ಬಿ ಕರಿಗುಡ್ಡೆಯೇ ಹೋಗಬಹುದು.

ಪೊರೆ ‘ಹಣ್ಣಾಗಲಿ’ ಎಂದು ಕಾಯುವವರಿಗೆ ಬಿಡಿಸಿ ಹೇಳಿ: ಈಗಿನ ಶಸ್ತ್ರಚಿಕಿತ್ಸೆಗೆ ಅದು ಬೇಕಿಲ್ಲ. ಬಲಿತಷ್ಟೂ ಆಪರೇಷನ್ ಕಷ್ಟ, ಕೆಲವರಿಗೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ.

ಹೆಸರು ಬರೆದುಕೊಂಡವರನ್ನು ‘ಹೋಗಿ ಬನ್ನಿ’ ಅಂದು ಬಿಟ್ಟರೆ ಹೆಚ್ಚಿನವರು ಹೋಗುವುದಿಲ್ಲ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಒಂದೇ ದಿನ ಗುಂಪಾಗಿ ಕರೆದೊಯ್ಯಿರಿ. ಆಧಾರ್, ಹಳೆಯ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆ ಜೊತೆಗಿರಲಿ. ಪಟ್ಟಿಯಲ್ಲಿ ಹೆಸರು, ಯಾವ ಕಣ್ಣು, ಹೋದ ದಿನ, ವೈದ್ಯರು ಹೇಳಿದ್ದೇನು ಎಂದು ಬರೆಯುವುದರ ಜೊತೆಗೆ ಹೋಗದವರ ಕಾರಣಕ್ಕೂ ಒಂದು ಅಂಕಣ ಬಿಡಿ. ಎರಡು ವಾರ ಬಿಟ್ಟು ಆ ಅಂಕಣ ಓದಿದರೆ ಭಯಕ್ಕಿಂತ ಹೆಚ್ಚಾಗಿ ‘ಜೊತೆಗೆ ಬರುವವರಿಲ್ಲ’, ‘ಹಸು ಕರೆಯುವವರಿಲ್ಲ’ ಅನ್ನುವುದೇ ಸಿಗಬಹುದು. ಅದಕ್ಕೆ ಅಕ್ಕಪಕ್ಕದ ಮನೆಯವರನ್ನು ಒಪ್ಪಿಸಿ, ಮುಂದಿನ ಗುಂಪಿನಲ್ಲಿ ಹೋಗದೆ ಉಳಿದವರ ಹೆಸರನ್ನೇ ಮೊದಲು ಸೇರಿಸಿ.