ಮೋಲ್ಡ್‌ಗೆ ದುಡ್ಡು ಹಾಕುವ ಮೊದಲು

ಹೊಸ ಸಾಧನಕ್ಕೆ ಹೊರಕವಚ ಬೇಕಾದವರು ನೇರವಾಗಿ ಮೋಲ್ಡ್ (ಪ್ಲಾಸ್ಟಿಕ್ ಎರಕದ ಅಚ್ಚು) ಮಾಡಿಸಬೇಡಿ. ಹತ್ತಿರದ ಮೇಕರ್‌ಸ್ಪೇಸ್‌ನಲ್ಲಿ (ಯಂತ್ರಗಳನ್ನು ಹಂಚಿಕೊಂಡು ಬಳಸುವ ಕಾರ್ಯಾಗಾರ) 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಾಳೆಯನ್ನು ಲೇಸರ್‌ನಲ್ಲಿ ಕತ್ತರಿಸಿ, ಜೋಡಿಸಿ, ಗ್ರಾಹಕರ ಕೈಗೆ ಕೊಟ್ಟು ನೋಡಿ. ಬಟನ್ ಜಾಗ ತಪ್ಪಿದ್ದರೆ ಫೈಲ್ ತಿದ್ದಿ ಅವತ್ತೇ ಇನ್ನೊಂದು ಕತ್ತರಿಸಬಹುದು. ಉಕ್ಕಿನ ಮೋಲ್ಡ್ ತಿದ್ದಿಸಲು ಖರ್ಚು ಜಾಸ್ತಿ, ಅಲ್ವಾ? (ಫೋನ್‌ಗೆ ಸಿಕ್ಕಿಸಿ ಕಾರ್ಡ್ ಪಾವತಿ ಪಡೆಯುವ ಸ್ಕ್ವೇರ್ ಕಾರ್ಡ್ ರೀಡರ್‌ನ ಆರಂಭದ ಮಾದರಿಗಳೂ ಅಮೆರಿಕದ ಟೆಕ್‌ಶಾಪ್ ಎಂಬ ಇಂಥದೇ ಜಾಗದಲ್ಲಿ ತಯಾರಾದವು.) ಲೇಸರ್ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ಸುಟ್ಟುಹೋಗುತ್ತದೆ, ಹಾಗಾಗಿ ಮೊದಲು ಸಣ್ಣ ತುಂಡಿನಲ್ಲಿ ಜೋಡಣೆಯ ಬಿಗಿ ಪರೀಕ್ಷಿಸಿ. ಬಾಗಿದ ಆಕಾರಕ್ಕೆ ಇದು ನಡೆಯುವುದಿಲ್ಲ, ಪದರದ ಮೇಲೆ ಪದರ ಹಾಕಿ ವಸ್ತು ಕಟ್ಟುವ ತ್ರೀಡಿ ಪ್ರಿಂಟರ್ ಬೇಕು. ಪ್ರಿಂಟ್ ಮಾಡಿದ ಕ್ಲಿಪ್ ಪದರಗಳ ನಡುವೆ ಸುಲಭವಾಗಿ ಮುರಿಯುತ್ತದೆ, ಅದರಿಂದ ಗಟ್ಟಿತನ ಅಳೆಯಬೇಡಿ. ಪಿವಿಸಿ ಹಾಳೆಯನ್ನಂತೂ ಲೇಸರ್‌ಗೆ ಹಾಕಲೇಬೇಡಿ, ಸುಟ್ಟರೆ ವಿಷಗಾಳಿ ಬರುತ್ತದೆ.