ನೀರು ಬತ್ತುವ ಹೊತ್ತಿಗೆ ಕಟಾವಿ ಕಾಡಿಗೆ ಹೋಗುವುದು ಹೇಗೆ?

ತಾಂಜಾನಿಯಾ ಎಂದೊಡನೆ ನಮ್ಮವರು ಸೆರೆಂಗೆಟಿಗೆ ಟಿಕೆಟ್ ತೆಗೆಸುತ್ತಾರೆ. ಅದೇ ದೇಶದ ಪಶ್ಚಿಮ ಅಂಚಿನ ಕಟಾವಿ ರಾಷ್ಟ್ರೀಯ ಉದ್ಯಾನದ ಹೆಸರು ಕೇಳಿದವರೇ ಕಡಿಮೆ. 1974ರಲ್ಲಿ ಘೋಷಣೆಯಾದ ಈ ಕಾಡು ಸುಮಾರು 4,471 ಚದರ ಕಿ.ಮೀ. ಹರಡಿದೆ. ಹುಲ್ಲುಗಾವಲಲ್ಲಿ ಇಡೀ ಬೆಳಗು ಸುತ್ತಿದರೂ ಇನ್ನೊಂದು ಜೀಪು ಎದುರಾಗದಿರಬಹುದು.

ಹೊರಡುವ ತಿಂಗಳನ್ನು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ದಾರಿಗಳು ಕೆಸರಾಗಿ ಗಾಡಿ ಹೂತುಹೋಗುತ್ತದೆ. ಜೂನ್‌ನಲ್ಲಿ ಒಣಹವೆ ಆರಂಭವಾದರೂ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಅವಧಿಯೇ ನನ್ನ ಆಯ್ಕೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಇಳಿದು ಬರುವಂತೆ, ಇಲ್ಲಿ ಕಟುಮಾ ನದಿ ಸೊರಗಿದಷ್ಟೂ ಪ್ರಾಣಿಗಳು ಉಳಿದ ಗುಂಡಿಗಳ ಸುತ್ತ ಸೇರುತ್ತವೆ. ಉದ್ಯಾನದೊಳಗಿನ ಇಕೂ ಎಂಬ ಜಾಗದ ಬಳಿಯ ಮಡುವಿನಲ್ಲಿ ನೀರಾನೆಗಳು ಒಂದರ ಬೆನ್ನಿನ ಮೇಲೊಂದು ತಲೆಯಿಟ್ಟು ಒತ್ತೊತ್ತಾಗಿ ಬಿದ್ದುಕೊಂಡಿರುತ್ತವೆ. ನೀರು ಇನ್ನಷ್ಟು ಇಳಿದರೆ ಗಂಡುಗಳ ಕಾದಾಟ ಶುರು. ಬಾಯಿ ಅಗಲಿಸಿ ಕೋರೆಯಿಂದ ಎದುರಾಳಿಯ ಮೈ ಸೀಳುತ್ತವೆ. ಮೊಸಳೆಗಳದು ಬೇರೆಯೇ ಉಪಾಯ. ದಡದ ಮಣ್ಣಿನ ಪೊಟರೆಗಳಲ್ಲಿ ಒಂದರ ಮೇಲೊಂದು ಪೇರಿಕೊಂಡು ಮಳೆ ಬರುವವರೆಗೆ ದಿನ ದೂಡುತ್ತವೆ. ನದಿ ಹೀಗೆ ಬತ್ತಲು ಬಿಸಿಲೊಂದೇ ಕಾರಣವಲ್ಲ, ಮೇಲ್ಭಾಗದ ಭತ್ತದ ಗದ್ದೆಗಳಿಗೆ ತಿರುಗಿಸಿದ ನೀರಿನ ಪಾಲೂ ಇದೆ. ನೋಡಿ ಖುಷಿಪಡುವಾಗ ಇದೂ ನೆನಪಿರಲಿ.

ತಿಂಗಳು ನಿಶ್ಚಯವಾದ ಮೇಲೆ ಹಳದಿ ಜ್ವರದ ಲಸಿಕೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಪ್ರಮಾಣಪತ್ರ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುವುದರಿಂದ ಕೊನೆಯ ವಾರಕ್ಕೆ ಬಿಡಬೇಡಿ. ಹಳದಿ ಜ್ವರವಿರುವ ದೇಶದ ಮೂಲಕ ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ವೀಸಾಕ್ಕೆ ಆನ್‌ಲೈನ್ ಅರ್ಜಿ ಸಾಕು.

ತಾಂಜಾನಿಯಾದ ದೊಡ್ಡ ನಗರ ದಾರ್ ಎಸ್ ಸಲಾಮ್ ತಲುಪಿದ ಮೇಲೆ ಕಾಡಿಗೆ ಎರಡು ದಾರಿ. ಕೈಯಲ್ಲಿ ದುಡ್ಡಿದ್ದರೆ ಪುಟ್ಟ ವಿಮಾನದಲ್ಲಿ ನೇರವಾಗಿ ಇಕೂ ಏರ್‌ಸ್ಟ್ರಿಪ್‌ಗೆ. ಇಲ್ಲವಾದರೆ ರೈಲಿನಲ್ಲೋ ಬಸ್ಸಿನಲ್ಲೋ ಟಬೋರಾ ಮಾರ್ಗವಾಗಿ ಎಂಪಾಂಡಾ ಪಟ್ಟಣಕ್ಕೆ. ಈ ದಾರಿಗೆ ದಿನಗಳೇ ಬೇಕು, ಸೊಂಟವೂ ಗಟ್ಟಿಯಿರಬೇಕು. ಉದ್ಯಾನದ ಕಚೇರಿಯಿರುವ ಸಿಟಾಲಿಕೆ ಹಳ್ಳಿ ಅಲ್ಲಿಂದ 35–40 ಕಿ.ಮೀ. ಜೀಪು ಗೊತ್ತುಮಾಡುವುದು, ಇಂಧನ ತುಂಬಿಸುವುದು, ತಾಂಜಾನಿಯಾ ಶಿಲ್ಲಿಂಗ್ ತೆಗೆದಿಟ್ಟುಕೊಳ್ಳುವುದು ಎಲ್ಲ ಎಂಪಾಂಡಾದಲ್ಲೇ ಮುಗಿಯಲಿ. ಸಸ್ಯಾಹಾರಿಗಳು ಬಿಡಾರದವರಿಗೆ ಮುಂಚೆಯೇ ತಿಳಿಸಿ, ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿ. ಆದರೆ ಅದನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ಒಯ್ಯಬೇಡಿ. 2019ರ ಜೂನ್‌ನಿಂದ ಆ ದೇಶದಲ್ಲಿ ಅದಕ್ಕೆ ನಿಷೇಧವಿದೆ.

ಬಟ್ಟೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಟಾವಿಯ ನಿಜವಾದ ಕಾಟ ಸಿಂಹದ್ದಲ್ಲ, ರಕ್ತ ಹೀರುವ, ನಿದ್ರಾರೋಗ ಹರಡಬಲ್ಲ ತ್ಸೆತ್ಸೆ ನೊಣದ್ದು. ನೀಲಿ, ಕಪ್ಪು ಬಣ್ಣ ಕಂಡರೆ ಅದು ಹುಡುಕಿಕೊಂಡು ಬರುತ್ತದೆ. ಅದನ್ನು ಹಿಡಿಯಲು ಆ ಬಣ್ಣದ ಬಟ್ಟೆಗಳನ್ನೇ ನೇತುಹಾಕುತ್ತಾರೆ. ಹೀಗಾಗಿ ಜೀನ್ಸ್ ಮನೆಯಲ್ಲಿರಲಿ. ತೆಳು ಬಟ್ಟೆಯ ಮೂಲಕವೂ ಕುಟುಕುವುದರಿಂದ ದಪ್ಪನೆಯ, ಮಾಸಲು ಕಂದು ಬಣ್ಣದ ತುಂಬುತೋಳಿನ ಅಂಗಿ ಬೇಕು. ಮರಗಳ ನಡುವಿನ ದಾರಿಯಲ್ಲಿ ಕಿಟಕಿ ಮುಚ್ಚಿ. ಬಯಲಿಗೆ ಬಂದ ಮೇಲೆ ಕಾಟ ತಗ್ಗುತ್ತದೆ.

ಕಾಡಿನಲ್ಲಿ ಕನಿಷ್ಠ ಮೂರು ರಾತ್ರಿ ಇರಿ. ಒಂದು ಬೆಳಗನ್ನು ನಡಿಗೆಗೆ ಮೀಸಲಿಡಿ, ಬಂದೂಕುಧಾರಿ ರೇಂಜರ್ ಜೊತೆಗೆ ಬರುತ್ತಾರೆ. ಅವರು ಕೈ ಎತ್ತಿದರೆ ನಿಂತಲ್ಲೇ ನಿಲ್ಲಿ, ಕ್ಯಾಮೆರಾ ಆಮೇಲೆ. ನೀರಾನೆಗೂ ನೀರಿಗೂ ನಡುವೆ ಮಾತ್ರ ಎಂದೂ ನಿಲ್ಲಬೇಡಿ. ಕಟಾವಿ ಕೆರೆಯ ಬಳಿ ಬೇಟೆಗಾರ ಕಟಾಬಿಯ ಆತ್ಮ ನೆಲೆಸಿದೆ ಎಂದು ಸ್ಥಳೀಯರು ನಂಬುವ ಹುಣಸೆ ಮರವಿದೆ. ಬುಡದಲ್ಲಿ ಅವರು ಇಟ್ಟ ಕಾಣಿಕೆಗಳನ್ನು ಮುಟ್ಟದಿರಿ.

ಊರಿಗೆ ಮರಳಿದ ಕೆಲವು ವಾರಗಳೊಳಗೆ ಜ್ವರ ಬಂದರೆ, ಆಫ್ರಿಕಾಕ್ಕೆ ಹೋಗಿದ್ದನ್ನೂ ತ್ಸೆತ್ಸೆ ಕಚ್ಚಿದ್ದನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲೆಂದು ಕಾಯಬೇಡಿ.