ಸ್ಕೂಲ್ ಎಕ್ಸಿಬಿಷನ್‌ಗೆ ಹಳೇ ಸಂಸತ್ ಭವನದ ಮಾಡೆಲ್ ಮಾಡೋದು ಹೇಗೆ

ನಮ್ಮ ಹಾಸನದಲ್ಲಿ ಮಾಡೆಲ್ ಅಂದ್ರೆ ಎಲ್ಲರೂ ಹಳೇಬೀಡೇ ಮಾಡ್ತಾರೆ, ಈ ಸಲ ನಾನು ಮಗಳು ಕೂತ್ಕೊಂಡು ದೆಹಲಿಯ ಹಳೇ ಸಂಸತ್ ಭವನ ಮಾಡಿದ್ವಿ, ನೀವೂ ಮಾಡಿ, ತುಂಬಾ ಖುಷಿ ಕೊಡುತ್ತೆ.

ಮೊದ್ಲು ಅಳತೆ. ಅಸಲಿ ಕಟ್ಟಡದ ವ್ಯಾಸ 560 ಅಡಿ, ಒಂದು ಇಂಚಿಗೆ 20 ಅಡಿ ಅಂತ ಇಟ್ಕೊಂಡ್ರೆ 28 ಇಂಚಿನ ಥರ್ಮೋಕೋಲ್ ವೃತ್ತ ಸಾಕು.

ಕಷ್ಟ ಇರೋದು ಕಂಬಗಳದ್ದು. ಮೊದಲನೇ ಮಹಡಿ ವರಾಂಡದ ಸುತ್ತ 144 ಕಂಬ, ಒಂದೊಂದು 27 ಅಡಿ. ನೇರವಾಗಿ ಗುರುತು ಹಾಕೋಕೆ ಹೋದ್ರೆ ಕೊನೇಲಿ ಜಾಗ ಹೆಚ್ಚುಕಮ್ಮಿ ಆಗುತ್ತೆ, ನಮಗೂ ಎರಡು ಸಲ ಹಾಗೇ ಆಯ್ತು, ಅದಕ್ಕೆ ವೃತ್ತಾನ 30 ಡಿಗ್ರಿಯಂತೆ 12 ಭಾಗ ಮಾಡಿ, ಒಂದೊಂದು ಭಾಗಕ್ಕೆ 12 ಕಂಬ, ಅಂದ್ರೆ ಎರಡೂವರೆ ಡಿಗ್ರಿಗೊಂದು. ಪೇಪರ್ ಸ್ಟ್ರಾನ ಒಂದೂ ಕಾಲು ಇಂಚಿಗಿಂತ ಚೂರು ಉದ್ದ ಕಟ್ ಮಾಡಿ ಅಂಟಿಸಿ. ಬೇಲೂರು ಹಳೇಬೀಡಿನ ಕಂಬ ನೋಡಿ ಬೆಳೆದ ನಮಗೆ ಇವು ಸಾದಾ ಅನ್ಸುತ್ತೆ, ಆದ್ರೆ ಸಾಲಾಗಿ ನಿಂತಾಗ ನೆರಳು ಬೀಳೋದಿದ್ಯಲ್ಲ, ಅದೇ ಅದರ ಚೆಂದ.

ನಡುವೆ ಸೆಂಟ್ರಲ್ ಹಾಲ್. ಗುಮ್ಮಟ 98 ಅಡಿ ಅಗಲ, ಅರಸೀಕೆರೆ ಕಡೆಯ ದಪ್ಪ ತೆಂಗಿನಕಾಯಿ ಕರಟ ಉಜ್ಜಿ ಕವುಚಿ ಹಾಕಿದ್ರೆ ಹತ್ತತ್ರ ಸರಿಹೋಗುತ್ತೆ. ಸುತ್ತ ಮೂರು ಸಭಾಂಗಣ, ಮಧ್ಯೆ ಮಧ್ಯೆ ಹಸಿರು ತೋಟ.

ಚಾರ್ಟಲ್ಲಿ ಇಷ್ಟು ಬರೀರಿ: ವಿನ್ಯಾಸ ಲುಟಿಯೆನ್ಸ್ ಮತ್ತು ಬೇಕರ್, ಶಂಕುಸ್ಥಾಪನೆ 1921, ಉದ್ಘಾಟನೆ 1927. ಸಂವಿಧಾನ ಸಭೆ 1946ರ ಡಿಸೆಂಬರ್ 9ಕ್ಕೆ ಮೊದಲು ಸೇರಿದ್ದು ಆ ಗುಮ್ಮಟದ ಕೆಳಗೇ, ಇದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಬರೆಸಿ. ಪಕ್ಕದ ತ್ರಿಕೋನದ ಹೊಸ ಭವನ 2023ರ ಮೇನಲ್ಲಿ ಉದ್ಘಾಟನೆ ಆಯ್ತು, ಹಳೇದಕ್ಕೆ ಈಗ ಸಂವಿಧಾನ ಸದನ ಅಂತ ಹೆಸರು, ಬೋರ್ಡಲ್ಲಿ ಅದನ್ನೇ ಹಾಕಿ.